ಕಾಂಪೋಸ್ಟ್‌ಗೆ ಮನೆ ಕಸ, ತೋಟದ ಕಸ ವಿಂಗಡಿಸುವುದು ಹೇಗೆ? ಈಳಿಗೆಮಣೆಯಿಂದ ಜರಡಿಯವರೆಗೆ

"ಕಾಂಪೋಸ್ಟ್ ಡಬ್ಬ ನಾತ ಹೊಡೀತಿದೆ, ಏನು ಮಾಡ್ಲಿ?" ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ನಾನು ತಿರುಗಿ ಕೇಳುವುದು ಒಂದೇ ಮಾತು: ಒಳಗೆ ಏನೇನು ಹಾಕಿದ್ರಿ? "ಹಸಿ ಕಸ ಎಲ್ಲಾ" ಅನ್ನುತ್ತಾರೆ. ಎಡವಟ್ಟಾಗಿರುವುದು ಆ "ಎಲ್ಲಾ"ದಲ್ಲೇ. ಕಲ್ಲಂಗಡಿ ಸಿಪ್ಪೆ, ನಿನ್ನೆಯ ಹುಳಿ, ಮಾವಿನ ವಾಟೆ, ದಾರದ ಸಮೇತ ಮಲ್ಲಿಗೆ ಹಾರ, ಎಳನೀರು ಬುರುಡೆ ಇವೆಲ್ಲ ಕೊಳೆಯುತ್ತವೆ ನಿಜ, ಆದರೆ ಒಂದು ಎಂಟು ದಿನಕ್ಕೆ ನೀರಾದರೆ ಇನ್ನೊಂದು ವರ್ಷವಾದರೂ ಹಾಗೇ ಕೂತಿರುತ್ತದೆ, ಎರಡನ್ನೂ ಒಂದೇ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದರೆ ನಾತ ಬರದೆ ಇನ್ನೇನು ಬರುತ್ತದೆ?

ಬೆಂಗಳೂರಿನವರಿಗೆ "ಎರಡು ಬುಟ್ಟಿ, ಒಂದು ಚೀಲ"ದ ಲೆಕ್ಕ ಬಾಯಿಪಾಠ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇದನ್ನು ಕಡ್ಡಾಯ ಮಾಡಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡ್, ಡೈಪರ್, ಬ್ಯಾಂಡೇಜು, ಚೀಲಕ್ಕೆ ಒಣ ಕಸ. ಗಾಡಿಗೆ ಕೊಡುವವರಿಗೆ ಆಗ ಇಷ್ಟು ಸಾಕಿತ್ತು. ಮನೆಯಲ್ಲೇ ಗೊಬ್ಬರ ಮಾಡುವವರು ಮಾತ್ರ ಆ ಹಸಿರು ಬುಟ್ಟಿಯನ್ನು ಇನ್ನೊಂದು ಸಲ ಒಡೆಯಬೇಕು. ಕಷ್ಟ ಏನಿಲ್ಲ. ಪ್ರತಿ ವಸ್ತುವಿಗೂ ಎರಡೇ ಪ್ರಶ್ನೆ: ಎಷ್ಟು ನೀರಿದೆ, ಎಷ್ಟು ಬೇಗ ಕೊಳೆಯುತ್ತದೆ?

ಹಾಗೆ ನೋಡಿದರೆ ಮೂರು ಗುಂಪು. ನೀರು ಜಾಸ್ತಿ ಇರುವ ಹಸಿ. ಒಣಗಿದ ತರಗು. ಮೂರನೆಯದಕ್ಕೆ ನಾನು "ಹಠಮಾರಿ" ಅಂತ ಹೆಸರಿಟ್ಟಿದ್ದೇನೆ: ವಾಟೆ, ಚಿಪ್ಪು, ಕಡ್ಡಿ, ತೆಂಗಿನ ಸಿಪ್ಪೆ.

ಏನೇನು ಬೇಕು

ಮುಚ್ಚಳ ಇರುವ 5 ಲೀಟರಿನ ಚಿಕ್ಕ ಬಕೆಟ್. ತೂತಿನ ಬುಟ್ಟಿ, ಅಕ್ಕಿ ತೊಳೆಯುವಂಥದ್ದು. ಒಂದು ಕೈಕತ್ತರಿ. ತರಗೆಲೆಗೆ ಅಕ್ಕಿ ಮೂಟೆಯ ಖಾಲಿ ಚೀಲ, ಎಷ್ಟಿದ್ದರೆ ಅಷ್ಟು ಒಳ್ಳೆಯದು. ಅಳತೆಗೆ ಹಳೇ ಮಗ್ಗು. ಗೊಬ್ಬರ ಆಗುವುದಕ್ಕೆ 20 ಲೀಟರಿನ ಪೇಂಟ್ ಡಬ್ಬ ಮೂರೋ ನಾಲ್ಕೋ. ಚೆನ್ನಾಗಿ ತೊಳೆದು ಬುಡಕ್ಕೂ ಸುತ್ತಲೂ ತೂತು ಹೊಡೆದಿರಬೇಕು, ನೊಣ ನುಗ್ಗದಂತೆ ಹೊರಗಡೆ ಸೊಳ್ಳೆಪರದೆ ಬಟ್ಟೆ ಸುತ್ತಿ. ಮಣ್ಣಿನ ಕಾಂಪೋಸ್ಟ್ ಮಡಕೆ ಕೊಳ್ಳುವ ಶಕ್ತಿ ಇದ್ದರೆ ಕೊಳ್ಳಿ, ಮಣ್ಣು ತೇವ ಎಳೆದುಕೊಳ್ಳುತ್ತದೆ, ಕೆಲಸ ಸುಲಭ. ಆದರೆ ಅದಿಲ್ಲದೆ ಆಗುವುದೇ ಇಲ್ಲ ಅನ್ನುವುದು ಸುಳ್ಳು.

1. ಜಾಗ ಮೊದಲು, ಡಬ್ಬ ಆಮೇಲೆ

ಚಿಕ್ಕ ಬಕೆಟ್ಟು ಈಳಿಗೆಮಣೆ ಇಡುವ ಜಾಗದಿಂದ ಕೈಗೆಟುಕುವಷ್ಟು ಹತ್ತಿರ ಇರಬೇಕು. ಬಾಲ್ಕನಿಯಲ್ಲಿಟ್ಟರೆ ಮೊದಲ ವಾರ ಎಲ್ಲರೂ ಹೋಗಿ ಹಾಕುತ್ತಾರೆ, ಎರಡನೇ ವಾರದಿಂದ ಸಿಂಕ್ ಪಕ್ಕದ ಕಸದ ಬುಟ್ಟಿಗೇ ಎಲ್ಲಾ ಬೀಳುತ್ತದೆ. ಆಮೇಲೆ ಅದನ್ನು ಕೈ ಹಾಕಿ ಬೇರೆ ಮಾಡುವವರು ಯಾರು? ಕಸ ಒಮ್ಮೆ ಬೆರೆತರೆ ಮುಗೀತು. ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ ಸೌತೆಕಾಯಿ ಸಿಪ್ಪೆಗೆ ಅಂಟಿಕೊಂಡರೆ ಹುಡುಕಿದರೂ ಕಾಣುವುದಿಲ್ಲ. (ಆ ಮೂಲೆಯನ್ನು ಪೂರ್ತಿ ಕತ್ತರಿಸದೆ ಪ್ಯಾಕೆಟ್ಟಿಗೇ ನೇತಾಡಲು ಬಿಡಿ.)

ಬಕೆಟ್ ತಳಕ್ಕೆ ಒಂದು ಹಾಳೆ ದಿನಪತ್ರಿಕೆ ಹಾಸಿ. ಪ್ಲಾಸ್ಟಿಕ್ ಕವರ್ ಬೇಡ. "ಕಾಂಪೋಸ್ಟ್ ಆಗುವ ಕವರ್" ಅಂತ ಮಾರುವುದೂ ಬೇಡ. ಅವುಗಳಲ್ಲಿ ಬಹುಪಾಲು ಕರಗುವುದಕ್ಕೆ ದೊಡ್ಡ ಘಟಕಗಳ ಬಿಸಿ ಬೇಕು. ನಮ್ಮ ಪೇಂಟ್ ಡಬ್ಬದಲ್ಲಿ ಆ ಬಿಸಿ ಏಳುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಕಳೆ ಗಿಡದ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

2. ತರಕಾರಿ ಹೆಚ್ಚುವಾಗಲೇ ವಿಂಗಡಿಸಿ

ಸಿಪ್ಪೆ, ತೊಟ್ಟು, ಕೊಳೆತ ಟೊಮೇಟೊ, ಬಳಸಿದ ಕಾಫಿ ಪುಡಿ, ಟೀ ಚರಟ, ಬಾಳೆಹಣ್ಣಿನ ಸಿಪ್ಪೆ ಎಲ್ಲಾ ಹಸಿ ಬಕೆಟ್ಟಿಗೆ. ಈರುಳ್ಳಿ ಸಿಪ್ಪೆಗೆ ಹೆದರಬೇಡಿ, ಹಾಕಬಹುದು. ನಿಂಬೆ, ಕಿತ್ತಳೆ ಸಿಪ್ಪೆಯೂ ಸರಿ, ಹುಳಿ ಅಂತ ಕೆಲವರು ಬೇಡ ಅನ್ನುತ್ತಾರೆ, ಮನೆಯಲ್ಲಿ ದಿನಕ್ಕೆ ಎರಡು ಮೂರು ಹೋಳು ಬಿದ್ದರೆ ಏನೂ ಆಗುವುದಿಲ್ಲ, ಸಣ್ಣಗೆ ಹೆಚ್ಚಿ ಅಷ್ಟೇ. ಎರೆಹುಳು ಸಾಕಿರುವವರು ಮಾತ್ರ ನಿಂಬೆ, ಈರುಳ್ಳಿ, ಖಾರ ದೂರ ಇಡಿ.

ಇಲ್ಲಿ ನಿಜವಾದ ಶತ್ರು ಚಿಕ್ಕಪುಟ್ಟವು. ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್. ಸೇಬಿನ ಮೇಲಿನ ಸ್ಟಿಕ್ಕರ್. ಸೊಪ್ಪು ಕಟ್ಟಿದ ಪ್ಲಾಸ್ಟಿಕ್ ದಾರ. ಟೀ ಬ್ಯಾಗು: ಕೆಲವದರಲ್ಲಿ ಪ್ಲಾಸ್ಟಿಕ್ ನೂಲು ಇರುತ್ತದೆ, ಪಿನ್ ಇರುತ್ತದೆ. ಹರಿದು ಪುಡಿ ಮಾತ್ರ ಹಾಕಿ, ಚೀಲ ಬೇಡ. ಸೊಪ್ಪಿನ ಕಟ್ಟು ಬಿಚ್ಚುವಾಗ ರಬ್ಬರ್ ಬ್ಯಾಂಡನ್ನು ನಲ್ಲಿ ಕತ್ತಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ತುಂಬಾ ಮನೆಗಳಲ್ಲಿದೆ, ಆ ಅಭ್ಯಾಸ ಇರುವವರ ಗೊಬ್ಬರ ಯಾವಾಗಲೂ ಸ್ವಚ್ಛ!

ಅಳತೆ ಹೇಳುವುದಾದರೆ, ಸಿಪ್ಪೆ ಹೆಬ್ಬೆರಳಿಗಿಂತ ದೊಡ್ಡದಿರಬಾರದು. ಕುಂಬಳಕಾಯಿ ತಿರುಳು, ಕಲ್ಲಂಗಡಿ ಸಿಪ್ಪೆ, ಸೋರೆಕಾಯಿ ಇವುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ. ಬೇಸಿಗೆಯಲ್ಲಿ ಕಲ್ಲಂಗಡಿ ತಂದ ದಿನ ಸಿಪ್ಪೆಯನ್ನು ಹೆಚ್ಚಿ ತೂತಿನ ಬುಟ್ಟಿಯಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗಿನ ತಟ್ಟೆಯಲ್ಲಿ ನಿಂತಿರುವ ನೀರು ನೋಡಿದರೆ ಡಬ್ಬ ಯಾಕೆ ಸೋರುತ್ತಿತ್ತು ಅಂತ ನಿಮಗೇ ಗೊತ್ತಾಗುತ್ತದೆ.

ಹಠಮಾರಿಗಳು ಬೇರೆ, ಅವಕ್ಕೇ ಒಂದು ಚೀಲ ಇಡಿ. ಮಾವಿನ ವಾಟೆ, ತೆಂಗಿನ ಚಿಪ್ಪು, ಜೋಳದ ದಿಂಡು, ಕಬ್ಬಿನ ಸಿಪ್ಪೆ, ಅಗಿದು ಬಿಟ್ಟ ನುಗ್ಗೆಕಾಯಿ ಜಗಟು. ನುಗ್ಗೆ ಜಗಟು, ಕಬ್ಬಿನ ಸಿಪ್ಪೆ ಒಣಗಿಸಿದರೆ ಡಬ್ಬದ ತಳಕ್ಕೆ ಹಾಸಲು ಬರುತ್ತದೆ, ಗಾಳಿ ಆಡುತ್ತದೆ. ತೆಂಗಿನ ಚಿಪ್ಪು, ಎಳನೀರು ಬುರುಡೆ ಮನೆ ಡಬ್ಬಕ್ಕೆ ಆಗುವುದಿಲ್ಲ, ಬೇರೆಯಾಗಿ ಗಾಡಿಗೆ ಕೊಡಿ. ಮೊಟ್ಟೆ ಚಿಪ್ಪು ಒಣಗಿಸಿ ಕೈಯಲ್ಲೇ ಪುಡಿ ಮಾಡಿ ಹಾಕಿ. ಇಡೀ ಚಿಪ್ಪು ಹಾಕಿದರೆ ಆರು ತಿಂಗಳಾದ ಮೇಲೂ ಚಿಪ್ಪಾಗಿಯೇ ಸಿಗುತ್ತದೆ.

3. ತಟ್ಟೆಯಲ್ಲಿ ಉಳಿದದ್ದು

ಅತಿ ಹೆಚ್ಚು ಜಗಳ ಇದರ ಮೇಲೆ. ಬೇಯಿಸಿದ್ದು ಹಾಕಲೇಬಾರದು ಅಂತ ಒಂದು ಗುಂಪು, ಏನು ಬೇಕಾದರೂ ಹಾಕಿ ಅಂತ ಇನ್ನೊಂದು. ನನ್ನ ಲೆಕ್ಕ ಹೀಗೆ: ಅನ್ನ, ಚಪಾತಿ, ಮುದ್ದೆ, ಪಲ್ಯ ಹಾಕಬಹುದು, ಆದರೆ ಆ ದಿನದ ಹಸಿ ಕಸದಲ್ಲಿ ಕಾಲು ಭಾಗ ಮೀರಬಾರದು. ಸಾರು, ಹುಳಿ ಸೋಸಿ ಚರಟ ಮಾತ್ರ. ಅನ್ನ ಮುದ್ದೆಯಾಗಿ ಬಿದ್ದರೆ ಒಳಗೆ ಗಾಳಿ ಹೋಗದೆ ಹುಳಿ ಬರುತ್ತದೆ, ಬೆರಳಲ್ಲಿ ಉದುರಿಸಿ ಹರಡಿ.

ಬೇಡವೇ ಬೇಡ ಅನ್ನುವವು: ಉಪ್ಪಿನಕಾಯಿ, ಕರಿದ ಎಣ್ಣೆ, ಹಾಲು, ಮೊಸರನ್ನ. ಉಪ್ಪು ಗೊಬ್ಬರಕ್ಕೂ ಗಿಡಕ್ಕೂ ಕೆಟ್ಟದ್ದು, ಎಣ್ಣೆ ಕಸದ ಸುತ್ತ ಪೊರೆ ಕಟ್ಟಿ ಗಾಳಿ ತಡೆಯುತ್ತದೆ. ಮೀನು, ಮಾಂಸ, ಮೂಳೆ ಹೊಸಬರು ಮುಟ್ಟಬೇಡಿ. ಇಲಿ ಹೆಗ್ಗಣ ನೆಂಟರ ಹಾಗೆ ಬರುತ್ತವೆ, ಹೋಗುವುದಿಲ್ಲ. ಅವನ್ನು ಹಸಿ ಕಸವಾಗಿ ಗಾಡಿಗೆ ಕೊಟ್ಟುಬಿಡಿ. ನಾಯಿ ಬೆಕ್ಕಿನ ಮಲ ತರಕಾರಿ ಗಿಡಕ್ಕೆ ಹೋಗುವ ಯಾವ ಗೊಬ್ಬರಕ್ಕೂ ಸೇರಬಾರದು, ಅದರಲ್ಲಿ ಹೊಟ್ಟೆ ಹುಳುವಿನ ಮೊಟ್ಟೆಗಳಿರಬಹುದು.

ಊಟದ ಬಾಳೆ ಎಲೆ ಒಳ್ಳೆಯದು, ಆದರೆ ಇಡಿಯಾಗಿ ಹಾಕಿದರೆ ಒಂದರ ಮೇಲೊಂದು ಅಂಟಿ ಹಾಳೆ ಹಾಳೆಯಾಗಿ ನಿಲ್ಲುತ್ತದೆ. ನಾಲ್ಕು ಬೆರಳಗಲ ಹರಿದು ಹಾಕಿ. ಅಡಿಕೆ ಹಾಳೆ ತಟ್ಟೆ ತುಂಡು ಮಾಡಿ ಹಠಮಾರಿ ಚೀಲಕ್ಕೆ. ಕಾಗದದ ಲೋಟ ಬೇಡ, ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ.

4. ದೇವರ ಮನೆ ಕಸ

ಕೊಳೆಯುವ ವಿಷಯದಲ್ಲಿ ಹೂವಿನಷ್ಟು ಸುಲಭದ್ದು ಇನ್ನೊಂದಿಲ್ಲ. ತೊಂದರೆ ಅದರ ದಾರದ್ದು. ಬಾಳೆನಾರಲ್ಲಿ ಕಟ್ಟಿದ್ದರೆ ಹಾರ ಸಮೇತ ಕತ್ತರಿಸಿ ಹಾಕಿ. ಹತ್ತಿ ದಾರವೂ ಕರಗುತ್ತದೆ, ಆದರೆ ಕೈಯಾಡಿಸುವಾಗ ಕಡ್ಡಿಗೆ ಸುತ್ತಿಕೊಂಡು ತಲೆ ಕೆಡಿಸುತ್ತದೆ. ಅಂಗಡಿ ಹಾರದಲ್ಲಿ ಈಗ ನೈಲಾನ್ ದಾರ, ಜರಿ, ಥರ್ಮಾಕೋಲ್ ಉಂಡೆ ಎಲ್ಲಾ ಬರುತ್ತದೆ. ದಾರದ ಒಂದು ತುದಿ ಹಿಡಿದು ಹೆಬ್ಬೆರಳು ತೋರುಬೆರಳ ನಡುವೆ ಎಳೆದರೆ ಸೇವಂತಿಗೆ ಸರಸರ ಉದುರುತ್ತದೆ, ದಾರ ಕೈಯಲ್ಲಿ ಉಳಿಯುತ್ತದೆ. ಅರ್ಧ ನಿಮಿಷದ ಕೆಲಸ. ಒಣಗಿದ ಮೇಲೆ ಮಾಡಿ, ಇನ್ನೂ ಸುಲಭ.

ಕರ್ಪೂರದ ಡಬ್ಬಿ, ಊದುಬತ್ತಿ ಕಡ್ಡಿ, ಎಣ್ಣೆ ಬತ್ತಿ ಬೇಡ. ಆಯುಧಪೂಜೆ ಮಾರನೇ ದಿನ ಎಷ್ಟೋ ಜನ ಬೂದುಗುಂಬಳಕಾಯಿ ಹೊತ್ತು ತಂದು ಹಾಕುತ್ತಾರೆ. ಒಳಗೆ ಚಿಲ್ಲರೆ ಕಾಸು ಇದೆಯಾ ನೋಡಿ ಮೊದಲು. ರಾಸಾಯನಿಕ ಕುಂಕುಮ ತುಂಬಿದ ಭಾಗ ಕತ್ತರಿಸಿ ತೆಗೆಯಿರಿ. ಬಾಗಿಲಿಗೆ ಕಟ್ಟಿದ ಬಾಳೆಕಂದನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಎರಡು ಮೂರು ದಿನ ಬಿಸಿಲಿಗೆ ಹಾಕಿದ ಮೇಲೆ ಡಬ್ಬಕ್ಕೆ. ಹಸಿಯಾಗಿ ಹಾಕಿದರೆ ನೀರು ತುಂಬಿದ ಸ್ಪಂಜು ಹಾಕಿದ ಹಾಗೆ.

5. ತೋಟದ ಕಸ: ಇಲ್ಲೂ ಹಸಿ, ಒಣ ಬೇರೆ ಬೇರೆ

ಇಲ್ಲಿ ಸ್ವಲ್ಪ ನಿಂತು ಹೋಗೋಣ, ಯಾಕೆಂದರೆ "ತೋಟದ ಕಸ ಎಲ್ಲಾ ಒಣ ಕಸ" ಅನ್ನುವುದು ದೊಡ್ಡ ತಪ್ಪು ತಿಳುವಳಿಕೆ. ಈಗ ತಾನೇ ಕೊಯ್ದ ಲಾನ್ ಹುಲ್ಲು ಹಸಿ ಗುಂಪಿಗೆ ಸೇರಿದ್ದು. ರಾಶಿ ಹಾಕಿದರೆ ಮರುದಿನವೇ ಬಿಸಿಯಾಗಿ ಲೋಳೆಯಾಗುತ್ತದೆ. ಎರಡು ದಿನ ಹರಡಿ ಒಣಗಿಸಿದರೆ ಸ್ವಲ್ಪ ಸುಧಾರಿಸುತ್ತದೆ.

ಲೆಕ್ಕ ಅರ್ಥವಾಗಲು ಒಂದು ಪದ ತಿಳಿದಿರಲಿ: ಕಾರ್ಬನ್-ನೈಟ್ರೋಜನ್ ಅನುಪಾತ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಕಾರ್ಬನ್ ಅನ್ನ ಇದ್ದ ಹಾಗೆ, ನೈಟ್ರೋಜನ್ ಬೇಳೆ ಇದ್ದ ಹಾಗೆ. ಒಂದು ಪಾಲು ನೈಟ್ರೋಜನ್ನಿಗೆ 25ರಿಂದ 30 ಪಾಲು ಕಾರ್ಬನ್ ಇದ್ದರೆ ಅವುಗಳ ಊಟ ಸರಿಹೋಗುತ್ತದೆ. ತರಕಾರಿ ಸಿಪ್ಪೆಯಲ್ಲಿ ಬೇಳೆ ಜಾಸ್ತಿ, ತರಗೆಲೆಯಲ್ಲಿ ಅನ್ನ ಜಾಸ್ತಿ. ಮರದ ಪುಡಿಯಲ್ಲಂತೂ ಬರೀ ಅನ್ನ, 200 ದಾಟುತ್ತದೆ. ಅದಕ್ಕೇ ಮರದ ಪುಡಿ ಸುರಿದವರ ಡಬ್ಬ ನಾತ ಬರುವುದಿಲ್ಲ, ಗೊಬ್ಬರವೂ ಆಗುವುದಿಲ್ಲ, ಸುಮ್ನೆ ಕೂತಿರುತ್ತದೆ. ಪ್ಲೈವುಡ್ ಕೊಯ್ದ ಪುಡಿ ಬೇಡವೇ ಬೇಡ, ಅದರಲ್ಲಿ ಅಂಟು ಇರುತ್ತದೆ.

ಯಾವ ಎಲೆ ಒಳ್ಳೆಯದು? ಮಳೆಮರದ ಪುಟ್ಟ ಎಲೆ ಚಿನ್ನ. ಹೊಂಗೆ, ನುಗ್ಗೆ, ಗ್ಲಿರಿಸಿಡಿಯ ಬೇಗ ಕರಗುತ್ತವೆ. ಮಾವು, ಹಲಸು, ಆಲದ ಎಲೆ ಚರ್ಮದಷ್ಟು ದಪ್ಪ. ಗೋಣಿಚೀಲದಲ್ಲಿ ತುಂಬಿ ಕಾಲಲ್ಲಿ ತುಳಿದು ಪುಡಿ ಮಾಡಿ. ನೀಲಗಿರಿ ಎಲೆ ಎಣ್ಣೆ ಅಂಶದ್ದು, ಬೇರೆ ಎಲೆ ಇದ್ದರೆ ಇದನ್ನು ಬಿಡಿ. ಪೆನ್ಸಿಲ್‌ಗಿಂತ ದಪ್ಪದ ಕಡ್ಡಿ ಹಠಮಾರಿ ಚೀಲಕ್ಕೆ, ಗುಲಾಬಿ ಬೊಗನ್‌ವಿಲ್ಲಾ ಮುಳ್ಳಿನ ರೆಂಬೆ ಬೇರೆ ಕಡೆಗೆ. ಡಬ್ಬದಲ್ಲಿ ಕೈಯಾಡಿಸುವವರು ನೀವೇ ಅಲ್ವಾ?

ಬೆಂಗಳೂರಿನಲ್ಲಿ ಎಲೆ ಉದುರುವುದು ಹೆಚ್ಚಾಗಿ ಚಳಿಗಾಲ ಕಳೆದು ಯುಗಾದಿ ಬರುವವರೆಗೆ. ವರ್ಷಕ್ಕೆ ಬೇಕಾದ್ದನ್ನು ಆಗಲೇ ಕೂಡಿಟ್ಟುಕೊಳ್ಳಬೇಕು. ನಾಲ್ಕು ಜನರ ಮನೆಗೆ ನನಗೆ ವರ್ಷಕ್ಕೆ ಹನ್ನೆರಡು ಚೀಲವಾದರೂ ಬೇಕಾಗುತ್ತದೆ. ಜುಲೈನಲ್ಲಿ ಹುಡುಕಿದರೆ ಸಿಗುವುದು ನೆನೆದ ಎಲೆ. ರಸ್ತೆಯದನ್ನು ಗುಡಿಸಿ ತಂದರೆ ಗುಟ್ಕಾ ಚೀಟಿ, ಗಾಜಿನ ಚೂರು ಆರಿಸಿ. ಮಲೆನಾಡು, ಕರಾವಳಿಯವರಿಗೆ ದರಗು ಗುಡಿಸಿ ಕೊಟ್ಟಿಗೆಗೆ ಹಾಕುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಸಮಸ್ಯೆ ಮಳೆ. ಚೀಲ ಸೂರಿನಡಿ, ನೆಲಕ್ಕೆ ತಾಗದಂತೆ ಇಟ್ಟಿಗೆ ಮೇಲಿಡಿ.

ತರಗೆಲೆಗೆ ಬೆಂಕಿ ಹಾಕಬೇಡಿ. ತೋಟದ ಕಸವನ್ನು ನಮ್ಮ ಆವರಣದಲ್ಲೇ ಬೇರೆಯಾಗಿ ಇಟ್ಟುಕೊಳ್ಳಬೇಕು, ಬೀದಿಯಲ್ಲಿ ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಬಂದಿತ್ತು. ಇಷ್ಟಕ್ಕೂ ಎಲೆ ಸುಟ್ಟು, ಆಮೇಲೆ ಅಂಗಡಿಯಿಂದ ಕೊಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ ದುಡ್ಡು ಕೊಟ್ಟು ತರುವುದು ಯಾವ ಬುದ್ಧಿವಂತಿಕೆ? ಅದು ನೀರು ಹೀರುತ್ತದೆ, ತುರ್ತಿಗೆ ಒಳ್ಳೆಯದೇ, ಆದರೆ ಬರೀ ಅದನ್ನೇ ಹಾಕಿದರೆ ಒದ್ದೆಯಾಗಿ ಕೂತು ಗಾಳಿಗೆ ಜಾಗ ಬಿಡುವುದಿಲ್ಲ. ಅರ್ಧ ಎಲೆ ಇರಲಿ.

ಈಗ ಕಳೆ ಗಿಡ. ದೊಡ್ಡ ರಾಶಿಯ ನಡುಭಾಗ 55 ಡಿಗ್ರಿ ದಾಟುತ್ತದೆ, ಕಳೆ ಬೀಜ ಸಾಯುತ್ತದೆ. ಆಗಲೇ ಹೇಳಿದೆನಲ್ಲ, ನಮ್ಮ ಡಬ್ಬ ಅಷ್ಟು ಕಾಯುವುದಿಲ್ಲ. ಅದಕ್ಕೇ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ, ಹೂ ಬಿಡುವ ಮೊದಲು ಕಿತ್ತಿದ್ದರೆ ಮಾತ್ರ ಹಾಕಿ, ಕೀಳುವಾಗ ಕೈಗವಸು ಇರಲಿ, ಎಷ್ಟೋ ಜನರಿಗೆ ಮೈ ತುರಿಕೆ ಏಳುತ್ತದೆ. ಗರಿಕೆ ಬೇರು, ಜೇಕಿನ ಗೆಡ್ಡೆ ಪೂರ್ತಿ ಗರಿಗರಿಯಾಗಿ ಒಣಗಿಸದೆ ಹಾಕಿದರೆ ಮುಂದಿನ ವರ್ಷ ಪ್ರತಿ ಕುಂಡದಲ್ಲೂ ಅದೇ. ರೋಗ ಬಂದ ಟೊಮೇಟೊ ಬಳ್ಳಿ, ಕಳೆನಾಶಕ ಹೊಡೆದ ಹುಲ್ಲು ಎರಡೂ ಬೇಡ. ಟೊಮೇಟೊ, ಕುಂಬಳದ ಬೀಜ ಮೊಳೆಯುತ್ತವೆ, ಅದನ್ನು ತಪ್ಪು ಅನ್ನುವಂತಿಲ್ಲ. ನಮ್ಮ ಹೋದ ವರ್ಷದ ಸಿಹಿಗುಂಬಳ ಪೂರ್ತಿ ಹಾಗೇ ಬಂದದ್ದು.

6. ಪದರ

ವಿಂಗಡಣೆ ಸರಿಯಾಗಿದ್ದರೆ ಇದು ಎರಡು ನಿಮಿಷ. ತಳಕ್ಕೆ ಮೂರು ಬೆರಳು ಎತ್ತರ ಒಣ ಕಡ್ಡಿ, ತೆಂಗಿನ ನಾರು. ಮೇಲೆ ಒಂದು ಮಗ್ಗು ಹಸಿ, ಒಂದು ಮಗ್ಗು ಪುಡಿ ಮಾಡಿದ ಒಣ ಎಲೆ. ಪುಡಿ ಮಾಡದ ಎಲೆ ಆದರೆ ಎರಡು ಮಗ್ಗು. ಶುರುವಿನಲ್ಲಿ ಒಂದು ಹಿಡಿ ಹಳೇ ಗೊಬ್ಬರ ಅಥವಾ ಸಗಣಿ ಹಾಕಿ. ಇದಕ್ಕೇ "ಕಲ್ಚರ್" ಅನ್ನುವುದು, ಮೊಸರಿಗೆ ಹೆಪ್ಪು ಹಾಕುವ ಹಾಗೆ. ಹುಳಿ ಮಜ್ಜಿಗೆ ನೀರಿಗೆ ಬೆರೆಸಿ ಚಿಮುಕಿಸಿದರೂ ನಡೆಯುತ್ತದೆ. ಮೇಲ್ಪದರ ಯಾವಾಗಲೂ ಒಣ ಎಲೆಯೇ ಇರಬೇಕು, ಒಂದು ಸಿಪ್ಪೆಯೂ ಕಣ್ಣಿಗೆ ಕಾಣಬಾರದು. ಮೂರು ದಿನಕ್ಕೊಮ್ಮೆ ಕೋಲಿನಿಂದ ತಿರುವಿ.

ತೇವ ನೋಡಲು ಒಂದು ಹಿಡಿ ತೆಗೆದು ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ಧಾರೆ ಇಳಿದರೆ ಎಲೆ ಸೇರಿಸಿ. ಹನಿಯೇ ಇಲ್ಲ, ಕೈ ತೆಗೆದರೆ ಉದುರಿತು ಅಂದರೆ ಅಕ್ಕಿ ತೊಳೆದ ನೀರು ಚಿಮುಕಿಸಿ.

7. ಡಬ್ಬ ಏನು ಹೇಳುತ್ತಿದೆ

ಕೊಳೆತ ಮೊಟ್ಟೆ ವಾಸನೆ: ಗಾಳಿ ಇಲ್ಲ, ನೀರು ಜಾಸ್ತಿ. ಎಲ್ಲಾ ಹೊರಗೆ ಸುರಿದು ಎಲೆ ಬೆರೆಸಿ ಮತ್ತೆ ತುಂಬಿ. ಮೂಗಿಗೆ ಚುಚ್ಚುವ, ಗಂಜಲದಂಥ ವಾಸನೆ ಅಮೋನಿಯದ್ದು. ಬೇಳೆ ಜಾಸ್ತಿ ಆಯಿತು, ಅನ್ನ ಬಡಿಸಿ. ಬಿಳಿ ಬೂಸ್ಟು ಹಿಡಿದರೆ ಖುಷಿಪಡಿ, ಕೆಲಸ ನಡೆಯುತ್ತಿದೆ. ಇರುವೆ ಬಂದರೆ ಒಣಗಿದೆ ಅಂತ. ಹಣ್ಣಿನ ನೊಣ ಮುತ್ತಿದರೆ ಮೇಲಿನ ಎಲೆ ಪದರ ತೆಳುವಾಗಿದೆ.

ಹುಳು ಕಂಡ ಕೂಡಲೇ ಕಿರುಚಿ ಡಬ್ಬ ಬಿಸಾಡಬೇಡಿ. ಚಪ್ಪಟೆಯಾದ, ಬೂದು-ಕಂದು ಬಣ್ಣದ, ಗಡುಸು ಮೈಯ ಹುಳು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ್ದು. ಕಸವನ್ನು ಗಬಗಬ ತಿಂದು ಮುಗಿಸುತ್ತದೆ, ಗಿಡಕ್ಕೂ ನಮಗೂ ಏನೂ ಮಾಡುವುದಿಲ್ಲ. ಬೇಡ ಅನ್ನಿಸಿದರೆ ಒಣ ಎಲೆ ಹೆಚ್ಚಿಸಿ, ಕಡಿಮೆಯಾಗುತ್ತವೆ. ಬಿಳಿಯ, ದಪ್ಪ, ಕೊಕ್ಕೆಯಂತೆ ಬಾಗಿದ ಗೊಣ್ಣೆ ಹುಳು ಬೇರೆ. ತೆಂಗಿನ ತೋಟ ಇರುವ ಊರುಗಳಲ್ಲಿ ಗೊಬ್ಬರದ ಗುಂಡಿಯಲ್ಲಿ ಸಿಗುವ ದೊಡ್ಡ ಗೊಣ್ಣೆ ಹುಳು ತೆಂಗಿನ ಸುಳಿ ಕೊರೆಯುವ ರೈನೋಸರಸ್ ದುಂಬಿಯ ಮರಿ ಆಗಿರಬಹುದು, ಅದನ್ನು ಆರಿಸಿ ಕೋಳಿಗೆ ಹಾಕಿ.

ಡಬ್ಬದ ಕೆಳಗೆ ಇಳಿಯುವ ಕಪ್ಪು ನೀರಿಗೆ ಲೀಚೇಟ್ ಅನ್ನುತ್ತಾರೆ. ಅಮೃತ ಅಂತ ಬಾಟಲಿಗೆ ತುಂಬಿಸಿ ಹಂಚುವವರಿದ್ದಾರೆ. ಅರ್ಧ ಕೊಳೆತ ಕಸದ ರಸ ಅದು, ಹಾಗೇ ಗಿಡದ ಬುಡಕ್ಕೆ ಸುರಿದರೆ ಬೇರು ಸುಡಬಹುದು. ಇಳಿಯುವುದೇ ನಿಲ್ಲಬೇಕು, ಅಂದರೆ 2ನೇ ಹಂತಕ್ಕೆ ಹೋಗಿ ನೀರು ಬಸಿಯಿರಿ.

8. ಜರಡಿ

ಡಬ್ಬ ತುಂಬಿದ ಮೇಲೆ ಪಕ್ಕಕ್ಕಿಟ್ಟು ಮುಂದಿನದು ಶುರು ಮಾಡಿ. ತುಂಬಿದ್ದಕ್ಕೆ ಹೊಸ ಕಸ ಹಾಕುತ್ತಾ ಹೋದರೆ ಅದು ಎಂದಿಗೂ ಆಗುವುದಿಲ್ಲ. ಎರಡು ತಿಂಗಳು, ಚಳಿಗಾಲದಲ್ಲಿ ಇನ್ನೂ ಮೂರು ವಾರ. ಕಡು ಕಂದು, ಉದುರು ಉದುರು, ಯಾವುದು ಬದನೆ ಯಾವುದು ಬೀನ್ಸ್ ಅಂತ ಗುರುತು ಸಿಗಬಾರದು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಅನುಮಾನ ಇದ್ದರೆ ಒಂದು ಲೋಟದಲ್ಲಿ ಹಾಕಿ ನಾಲ್ಕು ಮೆಂತ್ಯ ಬಿತ್ತಿ. ಸರಿಯಾಗಿ ಮೊಳೆತರೆ ಗೊಬ್ಬರ ಆಗಿದೆ.

ಮರಳು ಸೋಸುವ ಜರಡಿಯಲ್ಲಿ ಆಡಿಸಿ. ಮೇಲೆ ಉಳಿದ ಕಡ್ಡಿ, ವಾಟೆ, ಚೂರುಗಳು ಹೊಸ ಡಬ್ಬದ ತಳಕ್ಕೆ, ಅವುಗಳಿಗೆ ಹೆಪ್ಪು ಅಂಟಿಯೇ ಇರುತ್ತದೆ. ಜೊತೆಗೆ ಒಂದು ಬಟ್ಟಲು ಇಟ್ಟುಕೊಂಡು ಕರಗದೆ ಸಿಕ್ಕ ಬೇರೆ ವಸ್ತುಗಳನ್ನೆಲ್ಲ ಅದಕ್ಕೆ ಹಾಕಿ ಎಣಿಸಿ. ನನ್ನ ಮೊದಲ ಡಬ್ಬದಲ್ಲಿ ಹದಿನೇಳು ರಬ್ಬರ್ ಬ್ಯಾಂಡು, ಒಂಬತ್ತು ಸ್ಟಿಕ್ಕರು, ಮನೆಯವರೆಲ್ಲ ಮೂರು ವಾರ ಹುಡುಕಿದ್ದ ಒಂದು ಚಮಚ ಸಿಕ್ಕಿತ್ತು. ಬಟ್ಟಲಿನಲ್ಲಿ ಯಾವುದು ಹೆಚ್ಚಿದೆಯೋ ಅದರ ಹೆಸರು ಬರೆದು ಈಳಿಗೆಮಣೆ ಎದುರಿನ ಗೋಡೆಗೆ ಅಂಟಿಸಿ.